ಹಾಲು ಕಕ್ಕುವುದಕ್ಕೆ ಕೊಟ್ಟ ಹನಿಯಿಂದ ಮಗುವಿನ ಕತ್ತು ತಿರುಚಿತು: ಮಿದುಳಿಗೆ ಪೆಟ್ಟಾಗಿದೆಯೇ?

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ತಿಂಗಳು, ತೂಕ 6 ಕೆಜಿ. ಹುಟ್ಟಿದಾಗಿನಿಂದಲೂ ಹಾಲು ಕುಡಿದ ಮೇಲೆ ಕಕ್ಕುತ್ತಾನೆ. ರಿಫ್ಲಕ್ಸ್ ಇದೆ, ಅಂದರೆ ಹೊಟ್ಟೆಗಿಳಿದ ಹಾಲು ಅನ್ನನಾಳಕ್ಕೆ ವಾಪಸ್ ಬರುತ್ತಿದೆ ಎಂದು ಮೆಟೊಕ್ಲೋಪ್ರಮೈಡ್ ಹನಿ ಬರೆದುಕೊಟ್ಟರು. ಮೂರನೇ ದಿನ ಸಂಜೆ ಇದ್ದಕ್ಕಿದ್ದಂತೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಕತ್ತು ಒಂದು ಕಡೆ ತಿರುಚಿಕೊಂಡಿತು, ನಾಲಿಗೆ ಹೊರಗೆ ಬಂತು. ಅಷ್ಟೂ ಹೊತ್ತು ಅಳುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋದ. ಔಷಧಿಯಿಂದ ಆಗಿದ್ದು ಎಂದರು, ಹೆಚ್ಚೇನೂ ಹೇಳಲಿಲ್ಲ. ಈಗ ಬದಲಿಗೆ ಡಾಂಪೆರಿಡೋನ್ ಕೊಡಿ ಎಂದಿದ್ದಾರೆ. ಅವನ ಮಿದುಳಿಗೆ ಏನಾದರೂ ಆಗಿದೆಯೇ? ಮುಂದೆ ಫಿಟ್ಸ್ ಬರಬಹುದೇ? ಹೊಸ ಔಷಧಿ ಕೊಡೋಕೆ ಕೈಯೇ ಬರುತ್ತಿಲ್ಲ. ಆ ಹನಿಯನ್ನು ನಾನೇ ಕೈಯಾರೆ ಹಾಕಿದೆನಲ್ಲ ಅನ್ನುವ ಸಂಕಟ ಬೇರೆ.

ಉತ್ತರ: ಮೊದಲು ನಿಮ್ಮ ಎದೆ ಹಗುರಾಗುವ ಮಾತು ಹೇಳಿಬಿಡುತ್ತೇನೆ. ಮಗುವನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ನೀವು ಬರೆದಿರುವ ಒಂದೊಂದು ವಿವರವೂ ಒಂದೇ ಕಡೆ ಬೊಟ್ಟು ಮಾಡುತ್ತದೆ. ಇದನ್ನು ಅಕ್ಯೂಟ್ ಡಿಸ್ಟೋನಿಯಾ ಅನ್ನುತ್ತೇವೆ. ಸ್ನಾಯುಗಳು ತಾವಾಗಿಯೇ ಬಿಗಿದು, ತಿರುಚಿ, ಹಾಗೇ ನಿಂತುಬಿಡುವುದು. ನೋಡುವವರಿಗೆ ಜೀವ ಬಾಯಿಗೆ ಬಂದಂತಾಗುತ್ತದೆ. ಆದರೆ ಔಷಧಿ ಮೈಯಿಂದ ಇಳಿದ ಮೇಲೆ ಇದು ಗುರುತು ಉಳಿಸಿ ಹೋಗುವಂಥದ್ದಲ್ಲ. ಮಿದುಳಿಗೆ ಗಾಯವಾಗಿಲ್ಲ. ಇದು ಮುಂದೆ ಫಿಟ್ಸ್ ಬರುವುದರ ಸೂಚನೆಯೂ ಅಲ್ಲ.

ಇನ್ನು ಕೈಯಾರೆ ಹಾಕಿದೆ ಅನ್ನುವ ಸಂಕಟ. ವೈದ್ಯರು ಬರೆದದ್ದನ್ನು ನಂಬಿ ಕೊಟ್ಟಿರಿ. ಮಗು ಬೇರೆ ಥರ ಆಗುತ್ತಿದೆ ಎಂದು ಕಂಡ ಕೂಡಲೇ ಎತ್ತಿಕೊಂಡು ಓಡಿದ್ದೂ ಅದೇ ಕೈ. ದಯವಿಟ್ಟು ಇದನ್ನು ಇಲ್ಲಿಗೇ ಬಿಡಿ.

ಹೊಟ್ಟೆಗೆ ಕೊಟ್ಟ ಔಷಧಿ ಕಣ್ಣು, ಕತ್ತನ್ನು ಹಿಡಿದದ್ದು ಹೇಗೆ? ನಮ್ಮ ಮೈಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಹೊಟ್ಟೆಯಲ್ಲಿ ಅದು ಬ್ರೇಕ್ ಥರ ಕೆಲಸ ಮಾಡುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮೆಟೊಕ್ಲೋಪ್ರಮೈಡ್ ಅದನ್ನು ತಡೆಯುತ್ತದೆ. ಆಗ ಹಾಲು ಬೇಗ ಕೆಳಗಿಳಿಯುತ್ತದೆ, ಅನ್ನನಾಳದ ಕೆಳಗಿನ ಬಾಯಿ ಸ್ವಲ್ಪ ಬಿಗಿಯಾಗುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುವ ಉಪಾಯ. ಆದರೆ ಡೋಪಮೈನ್ ಮಿದುಳಿನಲ್ಲೂ ಇದೆ. ಅಲ್ಲಿ ಅದು ನಮ್ಮ ಚಲನೆಯನ್ನು ಹದದಲ್ಲಿಡುತ್ತದೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಜೊತೆ ಅದರದ್ದು ತಕ್ಕಡಿಯ ಲೆಕ್ಕ. ಮೆಟೊಕ್ಲೋಪ್ರಮೈಡ್ ರಕ್ತದಿಂದ ಮಿದುಳಿಗೂ ದಾಟಿಹೋಗುತ್ತದೆ. ಅಲ್ಲೂ ಡೋಪಮೈನನ್ನು ತಡೆಯುತ್ತದೆ, ತಕ್ಕಡಿ ಒಂದು ಕಡೆ ವಾಲುತ್ತದೆ. ಕಣ್ಣು, ನಾಲಿಗೆ, ದವಡೆ, ಕತ್ತು, ಬೆನ್ನಿನ ಸ್ನಾಯುಗಳು ಮೊದಲು ಸಿಕ್ಕಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ ಬೈಪೆರಿಡೆನ್ ಅಥವಾ ಡೈಫೆನ್‌ಹೈಡ್ರಮೈನ್‌ನಂಥದ್ದು ಇರಬೇಕು. ಅವು ಇನ್ನೊಂದು ತಟ್ಟೆಯ ಭಾರ ಇಳಿಸುತ್ತವೆ. ಅದಕ್ಕೇ ಅಷ್ಟು ಬೇಗ ಸರಿಹೋದದ್ದು.

ಮೂರನೇ ದಿನ ಅಂದಿರಿ, ಅಲ್ವಾ? ಇದು ಸಾಮಾನ್ಯವಾಗಿ ಔಷಧಿ ಶುರು ಮಾಡಿದ ಮೊದಲ ಎರಡು ಮೂರು ದಿನಗಳಲ್ಲೇ ಬರುತ್ತದೆ. ಕೆಲವು ಮಕ್ಕಳಲ್ಲಿ ಒಂದೇ ಡೋಸ್‌ಗೂ ಬರುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಇದರ ಕಾಟ ಜಾಸ್ತಿ. ಪುಟ್ಟ ಮಗುವಿನ ಲಿವರ್, ಕಿಡ್ನಿ ಎರಡೂ ಇನ್ನೂ ಪಳಗಿಲ್ಲ. ಔಷಧಿ ಮೈಯಿಂದ ಹೊರಹೋಗುವುದು ನಿಧಾನ. ದೊಡ್ಡವರಲ್ಲಿ ಸುಮಾರು 5–6 ಗಂಟೆಗೆ ಅರ್ಧಕ್ಕಿಳಿಯುವ ಔಷಧಿ ಎಳೆಗೂಸಿನಲ್ಲಿ ಅದಕ್ಕಿಂತ ಬಹಳ ಹೊತ್ತು ಉಳಿಯಬಹುದು. ಮುಂದಿನ ಡೋಸ್ ಬರುವ ಹೊತ್ತಿಗೆ ಹಿಂದಿನದು ಇನ್ನೂ ಅಲ್ಲೇ ಇರುತ್ತದೆ. ಹೀಗೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ.

ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಯ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. 12 ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರೆ ಟಾರ್ಡಿವ್ ಡಿಸ್ಕೈನೇಶಿಯಾ ಬರಬಹುದು, ಅದು ವಾಸಿಯಾಗದೆಯೂ ಉಳಿಯಬಹುದು ಎಂಬುದು ಆ ಎಚ್ಚರಿಕೆ. ಮುಖ, ನಾಲಿಗೆ, ಕೈಕಾಲು ತಾವಾಗಿಯೇ ಆಡುತ್ತಿರುವ ಕಾಯಿಲೆ ಅದು. ಮೂರು ದಿನದ ಹನಿಯಿಂದ ನಿಮ್ಮ ಮಗನಿಗೆ ಅದರ ಭಯ ಬೇಡ. ತಿಂಗಳುಗಟ್ಟಲೆ ಕೊಡುವವರು ಮಾತ್ರ ಈ ಸಾಲನ್ನು ಇನ್ನೊಮ್ಮೆ ಓದಬೇಕು. 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು, ಅದಕ್ಕಿಂತ ದೊಡ್ಡವರಿಗೂ 5 ದಿನಕ್ಕಿಂತ ಹೆಚ್ಚು ಬೇಡ, ರಿಫ್ಲಕ್ಸ್‌ನಂಥ ದೀರ್ಘಕಾಲದ ತೊಂದರೆಗೆ ಬೇಡವೇ ಬೇಡ ಎಂದಿತು. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಮೂರೂವರೆ ತಿಂಗಳ ಮಗುವಿನ ಚೀಟಿಯಲ್ಲಿ ಇದು ಕಾಣುತ್ತದೆ ಎಂದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಐದು ತಿಂಗಳ ಹೆಣ್ಣುಮಗುವೊಂದನ್ನು ಫಿಟ್ಸ್ ಎಂದೇ ಎತ್ತಿಕೊಂಡು ಬಂದಿದ್ದರು. ಮಗುವಿನ ಕಣ್ಣು ಚಾವಣಿಯ ಮೂಲೆಯೊಂದರಲ್ಲಿ ನೆಟ್ಟಿತ್ತು. ಗದ್ದ ಎಡಭುಜದ ಮೇಲೆ ಒರಗಿತ್ತು. ಆದರೆ ಅಮ್ಮ ಹೆಸರು ಹಿಡಿದು ಕರೆದಾಗ ಅಳು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ನನಗೆ ಸುಳಿವು ಸಿಕ್ಕಿದ್ದು ಅಲ್ಲೇ. ಮಗುವಿಗೆ ಕೇಳಿಸುತ್ತಿದೆ, ಎಚ್ಚರವಿದೆ, ಕತ್ತು ಮಾತ್ರ ಅದರ ಮಾತು ಕೇಳುತ್ತಿಲ್ಲ. ಏನಾದರೂ ಔಷಧಿ ಕೊಡುತ್ತಿದ್ದೀರಾ ಎಂದರೆ ಅಪ್ಪ ಇಲ್ಲ ಎಂದರು. ಅಜ್ಜಿ ಚೀಲದಿಂದ ಪುಟ್ಟ ಶೀಶೆ ತೆಗೆದು, "ಔಷಧಿ ಏನಿಲ್ಲ ಡಾಕ್ಟ್ರೇ, ಕಕ್ಕೋದಕ್ಕೆ ಈ ಹನಿ ಅಷ್ಟೇ" ಎಂದರು. ಇಂಜೆಕ್ಷನ್ ಆಗಿ ಕಾಲು ಗಂಟೆಯೊಳಗೆ ಕತ್ತು ಸಡಿಲವಾಯಿತು. ಮಗು ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಚೀಪತೊಡಗಿತು. ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡೆವು. ಇಂಜೆಕ್ಷನ್‌ನ ಪ್ರಭಾವ ಇಳಿದಾಗ, ಮೈಯಲ್ಲಿ ಹನಿ ಇನ್ನೂ ಉಳಿದಿದ್ದರೆ ಬಿಗಿತ ಮರುಕಳಿಸಬಹುದು. ಅದಕ್ಕೇ ಆ ಕಾವಲು.

ಅಂದು ಆ ಶೀಶೆಯನ್ನೂ ಅದರ ಫಿಲ್ಲರನ್ನೂ ಬೆಳಕಿಗೆ ಹಿಡಿದು ನೋಡಿದೆ. ಚೀಟಿಯಲ್ಲಿ ಬರೆದದ್ದು 5 ಹನಿ. ಮನೆಯಲ್ಲಿ ಕೊಡುತ್ತಿದ್ದದ್ದು ಫಿಲ್ಲರ್‌ನ 0.5 ಗೆರೆಯವರೆಗೆ. ಐದು ಅನ್ನುವುದೊಂದೇ ಹೊಂದುತ್ತಿತ್ತು, ಅಳತೆ ಹೊಂದುತ್ತಿರಲಿಲ್ಲ. ಇಂಥ ತಪ್ಪು ಯಾರಿಗಾದರೂ ಆಗಬಹುದು. ಒಂದೇ ಔಷಧಿ ಸಿರಪ್ ಆಗಿಯೂ ಸಿಗುತ್ತದೆ, ಡ್ರಾಪ್ಸ್ ಆಗಿಯೂ ಸಿಗುತ್ತದೆ. ಡ್ರಾಪ್ಸ್ ಬಹಳ ಗಾಢ. ಡಾಂಪೆರಿಡೋನ್‌ನಲ್ಲಿ 1 ಮಿಲಿಗೆ 1 ಮಿಗ್ರಾಂ ಇರುವ ಸಿರಪ್ ಇದೆ, 1 ಮಿಲಿಗೆ 10 ಮಿಗ್ರಾಂ ಇರುವ ಡ್ರಾಪ್ಸೂ ಇದೆ. ಶೀಶೆ ಅದಲುಬದಲಾದರೆ ಹತ್ತು ಪಟ್ಟು ವ್ಯತ್ಯಾಸ. ನಿಮ್ಮ ಮನೆಯ ಶೀಶೆ ಇನ್ನೂ ಇದ್ದರೆ ಎಸೆಯಬೇಡಿ. ಎಷ್ಟು ಗೆರೆ, ಎಷ್ಟು ಸಲ ಕೊಟ್ಟಿರಿ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಹಾಗಂತ ಅಳತೆ ಸರಿಯಾಗಿದ್ದರೆ ಇದು ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಸರಿಯಾದ ಡೋಸ್‌ಗೂ ಬರುತ್ತದೆ.

ಈಗ ಡಾಂಪೆರಿಡೋನ್ ಮಾತು. ಇದೂ ಡೋಪಮೈನನ್ನೇ ತಡೆಯುವ ಔಷಧಿ. ಒಂದು ವ್ಯತ್ಯಾಸ ಏನೆಂದರೆ ಇದು ಮಿದುಳಿಗೆ ಅಷ್ಟು ಸುಲಭವಾಗಿ ದಾಟುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆ, ಒಳಗೆ ನುಗ್ಗಿದ ಔಷಧಿಯನ್ನು ಅದು ವಾಪಸ್ ತಳ್ಳುತ್ತದೆ. ಅದಕ್ಕೇ ಇದು ಸುರಕ್ಷಿತ ಅನ್ನುವ ಹೆಸರು ಬಂತು. ಆದರೆ ಎಳೆಯ ಮಕ್ಕಳಲ್ಲಿ ಆ ಗೋಡೆಯೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಡಾಂಪೆರಿಡೋನ್‌ನಿಂದಲೂ ಶಿಶುಗಳಿಗೆ ಡಿಸ್ಟೋನಿಯಾ ಆದದ್ದುಂಟು. ಅದರ ಮೇಲೆ ಹೃದಯದ ತೊಂದರೆ ಬೇರೆ. ಹೃದಯದ ಬಡಿತದ ಲಯ ತಪ್ಪಿಸುವ ಅಪಾಯ ಇರುವುದರಿಂದ 2014ರಲ್ಲಿ ಯುರೋಪಿನಲ್ಲಿ ಇದರ ಬಳಕೆಗೆ ಕಡಿವಾಣ ಹಾಕಿದರು. 2019ರ ಕೊನೆಗೆ ಬ್ರಿಟನ್ನಿನ ಔಷಧ ನಿಯಂತ್ರಕರು 12 ವರ್ಷದೊಳಗಿನ ಮಕ್ಕಳಿಗೆ ವಾಂತಿ, ವಾಕರಿಕೆಗೆ ಇದನ್ನು ಕೊಡುವ ಅನುಮತಿಯನ್ನೇ ತೆಗೆದರು. ಕಾರಣ ಸರಳ, ಮಕ್ಕಳಲ್ಲಿ ಇದು ಕೆಲಸವೇ ಮಾಡುತ್ತಿಲ್ಲ ಎಂದು ಕಂಡುಬಂತು. ಅಮೆರಿಕದಲ್ಲಂತೂ ಇದಕ್ಕೆ ಅನುಮತಿ ಸಿಕ್ಕಿದ್ದೇ ಇಲ್ಲ. ಎರಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆಗೆ ಹೋದರಂತೂ ರಕ್ತದಲ್ಲಿ ಇದರ ಮಟ್ಟ ಇನ್ನೂ ಏರುತ್ತದೆ. ನಿಮ್ಮ ಮಗುವಿಗೆ ಈ ಜಾತಿಯ ಒಂದು ಔಷಧಿ ಈಗಾಗಲೇ ಆಗಿಬರಲಿಲ್ಲ. ಅದರ ಅಣ್ಣತಮ್ಮನನ್ನು ಮತ್ತೆ ಕೊಡುವುದು ನನಗೆ ಸರಿಕಾಣುವುದಿಲ್ಲ. ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಕೈ ಬರುತ್ತಿಲ್ಲ ಅಂದಿರಲ್ಲ, ವೈದ್ಯರಿಗೆ ಅದನ್ನೇ ನೇರವಾಗಿ ಹೇಳಿ. ಇದರಲ್ಲಿ ಸಂಕೋಚ ಬೇಡ.

ಹೊಟ್ಟೆಯ ಹುಳಿ (ಆ್ಯಸಿಡ್) ಕಡಿಮೆ ಮಾಡುವ ಔಷಧಿಗಳದ್ದು ಬೇರೆ ಕಥೆ. ಫಾಮೊಟಿಡಿನ್ ಡೋಪಮೈನ್ ತಂಟೆಗೆ ಹೋಗುವುದಿಲ್ಲ, ಕತ್ತು ತಿರುಚುವುದಿಲ್ಲ. ಆದರೂ ಮಿದುಳಿನ ಮೇಲೆ ಅದರ ಪ್ರಭಾವ ಸೊನ್ನೆ ಅಲ್ಲ. ಒಂದು ವರ್ಷದೊಳಗಿನ 35 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ 5 ಮಕ್ಕಳು ಔಷಧಿಯಿಂದ ವಿಪರೀತ ಚಡಪಡಿಸಿದರು, ನಿಲ್ಲಿಸಿದ ಮೇಲೆ ಸರಿಹೋದರು. ತಲೆ ಉಜ್ಜಿಕೊಳ್ಳುವುದು, ತೂಕಡಿಕೆ ಕೂಡ ಕಂಡಿವೆ. ತಲೆನೋವು ಎಂದು ಹೇಳಲು ಬಾರದ ಮಗು ತಲೆ ಉಜ್ಜದೆ ಇನ್ನೇನು ಮಾಡೀತು? ಇಲ್ಲೊಂದು ಬಲೆ ಇದೆ. ಮಗು ರಚ್ಚೆ ಹಿಡಿಯುತ್ತದೆ ಎಂದು ಔಷಧಿ ಶುರುವಾಗುತ್ತದೆ. ಔಷಧಿಯಿಂದ ರಚ್ಚೆ ಜಾಸ್ತಿಯಾಗುತ್ತದೆ. ರಿಫ್ಲಕ್ಸ್ ಬಗ್ಗಿಲ್ಲ ಎಂದು ಡೋಸ್ ಏರುತ್ತದೆ. ಔಷಧಿ ಶುರುವಾದ ವಾರದಲ್ಲೇ ಮಗು ಮೊದಲಿಗಿಂತ ಹೆಚ್ಚು ಅಳತೊಡಗಿದರೆ, ಡೋಸ್ ಏರಿಸುವ ಮೊದಲು ಔಷಧಿಯ ಮೇಲೇ ಅನುಮಾನ ಪಡಬೇಕು.

ಒಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಗುಂಪಿನವು ಎಳೆಯ ಮಕ್ಕಳಲ್ಲಿ ನರಗಳಿಗೆ ನೇರವಾಗಿ ತೊಂದರೆ ಕೊಡುವುದು ಅಪರೂಪ. ಬಹಳ ಕಾಲ ತೆಗೆದುಕೊಂಡವರಲ್ಲಿ ಮೆಗ್ನೀಸಿಯಂ ಇಳಿದು ಸ್ನಾಯು ಸೆಳೆತ, ಫಿಟ್ಸ್ ಬರಬಹುದು ಎಂದು 2011ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಅದು ಹೆಚ್ಚಾಗಿ ದೊಡ್ಡವರ ಮಾತು. ಅಲ್ಯುಮಿನಿಯಂ ಇರುವ ಆ್ಯಂಟಾಸಿಡ್‌ಗಳನ್ನು ಶಿಶುಗಳಿಗೆ ದಿನಗಟ್ಟಲೆ ಕೊಡಬಾರದು. ಕಿಡ್ನಿ ಎಳೆಯದಾದ್ದರಿಂದ ಅಲ್ಯುಮಿನಿಯಂ ಮೈಯಲ್ಲಿ ಸೇರಿಕೊಳ್ಳುತ್ತದೆ. ಮಿದುಳು, ಮೂಳೆ ಎರಡಕ್ಕೂ ಅದು ಕೆಟ್ಟದ್ದು.

ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪುಟ್ಟ ಮಗು ಸೆಟೆದುಕೊಂಡಾಗಲೆಲ್ಲ ಔಷಧಿಯದೇ ತಪ್ಪು ಎಂದಲ್ಲ. ರಿಫ್ಲಕ್ಸ್ ತಾನೇ ಮಗುವನ್ನು ತಿರುಚಿಸಬಲ್ಲದು. ಹಾಲು ಕುಡಿಯುವಾಗಲೋ, ಕುಡಿದ ಸ್ವಲ್ಪ ಹೊತ್ತಿಗೋ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ತಲೆ ಒಂದು ಕಡೆ ವಾಲುತ್ತದೆ, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಇದಕ್ಕೆ ಸ್ಯಾಂಡಿಫರ್ ಸಿಂಡ್ರೋಮ್ ಎಂದು ಹೆಸರು. ಪಾಲ್ ಸ್ಯಾಂಡಿಫರ್ ಎಂಬ ನರರೋಗ ತಜ್ಞರ ಹೆಸರು ಅದಕ್ಕೆ ಬಂದದ್ದು. ಔಷಧಿ ಮುಟ್ಟದ ಮಗುವಿನಲ್ಲೂ ಇದು ಬರುತ್ತದೆ, ಹಾಲಿನ ಹೊತ್ತಿಗೇ ಬರುತ್ತದೆ. ಡಿಸ್ಟೋನಿಯಾ ಹಾಗಲ್ಲ, ಹಾಲಿನ ಹೊತ್ತಿಗೆ ಕಾಯುವುದಿಲ್ಲ. ಬಂದರೆ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಬಿಡದೆ ಕಾಡುತ್ತದೆ.

ನನಗೆ ಇವೆರಡಕ್ಕಿಂತ ಹೆಚ್ಚು ಭಯ ಇರುವುದು ಮೂರನೆಯದರ ಬಗ್ಗೆ. ಇನ್‌ಫಂಟೈಲ್ ಸ್ಪಾಸಮ್ಸ್ ಎಂಬ ಫಿಟ್ಸ್ ಇದೆ. ಹೆಚ್ಚಾಗಿ 3ರಿಂದ 12 ತಿಂಗಳೊಳಗೆ ಶುರುವಾಗುತ್ತದೆ, ಅಂದರೆ ಸರಿಯಾಗಿ ಕಕ್ಕುವ ವಯಸ್ಸಿನಲ್ಲೇ. ನೋಡೋಕೆ ಏನೂ ಅನ್ನಿಸುವುದಿಲ್ಲ. ಮಗು ನಿದ್ದೆಯಿಂದ ಎದ್ದಾಗ ತಲೆ ಪಟ್ಟನೆ ಮುಂದಕ್ಕೆ ಬಾಗುತ್ತದೆ, ಕೈಗಳು ಚಾಚುತ್ತವೆ, ಒಂದೆರಡು ಸೆಕೆಂಡು ಅಷ್ಟೇ. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಹೀಗೆ ಸಾಲಾಗಿ ಬರುತ್ತದೆ. ಬೆಚ್ಚಿಬಿದ್ದಿತು, ಗ್ಯಾಸ್ ಇರಬೇಕು, ರಿಫ್ಲಕ್ಸ್ ಇರಬೇಕು ಎಂದು ವಾರಗಳು ಕಳೆಯುತ್ತವೆ. ಮೊದಲು ನಗುತ್ತಿದ್ದ ಮಗು ನಗುವುದನ್ನು ಬಿಡುತ್ತದೆ. ಈ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಇಂಥದ್ದು ಕಂಡರೆ ಅದೇ ದಿನ ತೋರಿಸಿ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಬೇಕಾಗುತ್ತದೆ. ನೀವು ಬರೆದದ್ದರಲ್ಲಿ ಇದರ ಲಕ್ಷಣ ಇಲ್ಲ. ಆದರೆ ಇದನ್ನು ಓದುವ ಬೇರೆ ಯಾರದೋ ಮನೆಯಲ್ಲಿ ಇರಬಹುದು, ಅದಕ್ಕೇ ಇಷ್ಟು ಬರೆದೆ.

ಇಷ್ಟೆಲ್ಲ ಆದಮೇಲೆ ಮೂಲ ಪ್ರಶ್ನೆಗೆ ಬರೋಣ. ನಿಮ್ಮ ಮಗನಿಗೆ ಔಷಧಿ ಬೇಕಿತ್ತೇ? ಮೂರೂವರೆ ತಿಂಗಳಿಗೆ 6 ಕೆಜಿ ಒಳ್ಳೆಯ ತೂಕ. ಮೊದಲ ಮೂರು ತಿಂಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದಿನಕ್ಕೊಮ್ಮೆಯಾದರೂ ಕಕ್ಕುತ್ತಾರೆ. ನಾಲ್ಕನೇ ತಿಂಗಳಿಗೆ ಅದು ತುದಿ ಮುಟ್ಟುತ್ತದೆ, ಮೂವರಲ್ಲಿ ಇಬ್ಬರು ಕಕ್ಕುತ್ತಾರೆ. ವರ್ಷ ತುಂಬುವ ಹೊತ್ತಿಗೆ ಅದು ನೂರಕ್ಕೆ ಐದರಷ್ಟಕ್ಕೆ ಇಳಿದಿರುತ್ತದೆ. ಕೂರೋದು ಕಲಿತು, ಗಟ್ಟಿ ಆಹಾರ ತಿನ್ನತೊಡಗಿ, ಅನ್ನನಾಳದ ಬಾಯಿ ಬಲಿತಂತೆ ತಾನಾಗಿಯೇ ನಿಲ್ಲುತ್ತದೆ. ನಿಮ್ಮ ಮಗ ಈಗ ಆ ಏರಿನ ತುದಿಯಲ್ಲಿದ್ದಾನೆ. ಮೈ ಹಿಡಿಯುತ್ತಿರುವ, ನಗುವ, ಹಾಲು ಬೇಡುವ ಮಗು ಕಕ್ಕಿದರೆ ಬಟ್ಟೆ ಒಗೆಯುವ ಕೆಲಸ ಜಾಸ್ತಿ. ಅದಕ್ಕೆ ಔಷಧಿ ಬೇಕಿಲ್ಲ.

ಹುಳಿ ಕಡಿಮೆ ಮಾಡುವ ಔಷಧಿಯಿಂದಲಾದರೂ ಲಾಭ ಇದೆಯೇ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು 162 ಶಿಶುಗಳಲ್ಲಿ ನೋಡಿತು. ಅರ್ಧದಷ್ಟು ಮಕ್ಕಳಿಗೆ ಲ್ಯಾನ್ಸೊಪ್ರಜೋಲ್, ಉಳಿದವರಿಗೆ ಬರೀ ಹುಸಿ ಔಷಧಿ. ಎರಡೂ ಗುಂಪಿನಲ್ಲಿ ನೂರಕ್ಕೆ 54 ಮಕ್ಕಳಿಗೆ ಗುಣ ಕಂಡಿತು. ಒಂದಂಶದ ವ್ಯತ್ಯಾಸವೂ ಇರಲಿಲ್ಲ. ಆದರೆ ನಿಜವಾದ ಔಷಧಿ ಪಡೆದವರಲ್ಲಿ ಎದೆಯ ಸೋಂಕಿನಂಥ ಗಂಭೀರ ತೊಂದರೆ ಹೆಚ್ಚಾಗಿತ್ತು. ಆರೋಗ್ಯವಾಗಿರುವ ಶಿಶು ಕಕ್ಕುತ್ತದೆ, ಅಳುತ್ತದೆ ಎಂಬ ಕಾರಣಕ್ಕೆ ಈ ಔಷಧಿ ಕೊಡಬೇಡಿ ಎಂದು 2018ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ ತಜ್ಞರ ಸಂಘಗಳು ಒಟ್ಟಾಗಿ ಹೇಳಿದವು. ಮೆಟೊಕ್ಲೋಪ್ರಮೈಡ್, ಡಾಂಪೆರಿಡೋನ್ ಬಳಸಬೇಡಿ ಎಂಬ ಸಲಹೆಯೂ ಅದರಲ್ಲೇ ಇದೆ. ನಿಮ್ಮ ವೈದ್ಯರ ಜೊತೆ ಮಾತಾಡುವಾಗ ಇದನ್ನು ಎತ್ತಬಹುದು.

ಹಾಗಾದರೆ ಏನು ಮಾಡಬೇಕು? ಒಂದೇ ಸಲ ಹೊಟ್ಟೆ ಬಿರಿಯೆ ಕುಡಿಸುವ ಬದಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕುಡಿಸಿ. ನಡುವೆ ಒಮ್ಮೆ, ಕೊನೆಗೊಮ್ಮೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಕುಡಿದ ಮೇಲೆ 20–30 ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಬಾಟಲಿ ಹಾಲು ಕುಡಿಯುವ ಮಗುವಾದರೆ ಹಾಲನ್ನು ಸ್ವಲ್ಪ ದಪ್ಪ ಮಾಡುವ ಬಗ್ಗೆ ವೈದ್ಯರನ್ನು ಕೇಳಿ, ನೀವೇ ಏನನ್ನೂ ಬೆರೆಸಬೇಡಿ. ಇದರಲ್ಲೂ ತಗ್ಗದಿದ್ದರೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು. ಎರಡರಿಂದ ನಾಲ್ಕು ವಾರ ಅದನ್ನು ಬಿಟ್ಟು ನೋಡುವುದು ಔಷಧಿಗಿಂತ ಮೊದಲು ಮಾಡಬೇಕಾದ ಕೆಲಸ. ಎದೆಹಾಲು ಕುಡಿಸುವ ಅಮ್ಮನಾದರೆ ಹಾಲು, ಮೊಸರು, ತುಪ್ಪ ಅಮ್ಮನೇ ಬಿಡಬೇಕಾಗುತ್ತದೆ. ಮಲಗಿಸುವುದು ಮಾತ್ರ ಯಾವಾಗಲೂ ಅಂಗಾತವೇ, ಸಮತಟ್ಟಾದ ಹಾಸಿಗೆಯ ಮೇಲೆ. ಕಕ್ಕುತ್ತಾನೆ ಎಂದು ಬೋರಲು ಮಲಗಿಸಬೇಡಿ, ತಲೆದಿಂಬಿಟ್ಟು ಎತ್ತರಿಸಬೇಡಿ.

ಔಷಧಿ ನಿಜವಾಗಿ ಬೇಕಾಗುವ ಮಕ್ಕಳೂ ಇದ್ದಾರೆ, ಅವರನ್ನು ಪತ್ತೆ ಮಾಡುವುದು ವೈದ್ಯರ ಕೆಲಸ. ನೀವು ಗಮನಿಸಬೇಕಾದದ್ದು ಇಷ್ಟು: ತೂಕ ಏರದಿರುವುದು, ಹಸಿರು ಬಣ್ಣದ ಅಥವಾ ರಕ್ತ ಬೆರೆತ ವಾಂತಿ, ಕಾರಂಜಿಯಂತೆ ದೂರಕ್ಕೆ ಚಿಮ್ಮುವ ವಾಂತಿ, ಜ್ವರ, ಎಬ್ಬಿಸಿದರೂ ಏಳದ ಮಂಪರು, ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು. ಇವುಗಳಲ್ಲಿ ಯಾವುದಿದ್ದರೂ ರಾತ್ರಿ ಕಳೆಯಲಿ ಎಂದು ಕಾಯಬೇಡಿ.

ಕೊನೆಯದಾಗಿ ಒಂದೆರಡು ಕೆಲಸ. ಮಗನ ಫೈಲಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ಮೆಟೊಕ್ಲೋಪ್ರಮೈಡ್‌ನಿಂದ ಡಿಸ್ಟೋನಿಯಾ ಆಗಿದೆ, ದಿನಾಂಕ ಇಂಥದ್ದು. ಮುಂದೆ ವಾಂತಿಗೆ ಯಾರು ಏನೇ ಬರೆದರೂ ಅದನ್ನು ತೋರಿಸಿ. ವಾಂತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಕೂಡ ಇದೇ ಜಾತಿಯದು. ಇನ್ನೊಂದು, ನೀವು ಎದೆಹಾಲು ಕುಡಿಸುತ್ತಿದ್ದರೆ ನಿಮ್ಮ ಮಾತ್ರೆಗಳನ್ನೂ ಒಮ್ಮೆ ನೋಡಿ. ಹಾಲು ಹೆಚ್ಚಲಿ ಎಂದೋ, ವಾಕರಿಕೆಗೆಂದೋ ತಾಯಂದಿರಿಗೂ ಇವೇ ಔಷಧಿಗಳನ್ನು ಕೊಡುವುದುಂಟು, ಎದೆಹಾಲಿನಲ್ಲಿ ಅವು ಮಗುವಿಗೆ ಹೋಗುತ್ತವೆ. ಅಂಥದ್ದೇನಾದರೂ ಇದ್ದರೆ ನಾಳೆಯೇ ವೈದ್ಯರಿಗೆ ತಿಳಿಸಿ. ಆ ಸಂಜೆ ಮನೆಯಲ್ಲಿ ಯಾರಾದರೂ ಫೋನಿನಲ್ಲಿ ವಿಡಿಯೊ ಹಿಡಿದಿದ್ದರೆ, ಎಷ್ಟೇ ಸಂಕಟವಾದರೂ ಅಳಿಸಬೇಡಿ. ನಿಮ್ಮ ಮಗನನ್ನು ಮುಂದೆ ನೋಡುವ ವೈದ್ಯರಿಗೆ ನನ್ನ ಈ ಎಲ್ಲ ಮಾತಿಗಿಂತ ಆ ಅರ್ಧ ನಿಮಿಷದ ವಿಡಿಯೊ ಜಾಸ್ತಿ ಹೇಳುತ್ತದೆ.